ಮೂವತ್ತಾರು ಇಂಚಿನ ಆಸೆ

ಭಾವನ ಫೋನ್ ಬಂದಾಗ ನಾನು ಆಫೀಸಿನ ಬೆಳಗಿನ ಮೀಟಿಂಗ್‌ನಲ್ಲಿದ್ದೆ. ಕಟ್ ಮಾಡಿದೆ. ಮತ್ತೆ ಬಂತು. ಊರಿಂದ ಸಾಲಾಗಿ ಎರಡು ಸಲ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ, ಊರು ಬಿಟ್ಟು ಬಂದವರಿಗೆಲ್ಲ ಇದು ಗೊತ್ತು. ಮ್ಯೂಟ್ ಮಾಡಿ ಫೋನ್ ಎತ್ತಿದರೆ ಭಾವ ಆರಾಮಾಗಿ ಕೇಳಿದರು: "ಮಾರಾಯ, ಮೂವತ್ತಾರು ಇಂಚಿನ ಮಿಷನ್ನಲ್ಲಿ ಒಳ್ಳೇದು ಯಾವ್ದು? ಇಂಟರ್‌ನೆಟ್ಟಲ್ಲಿ ನೋಡಿ ಹೇಳು."

ಮಿಷನ್ ಅಂದರೆ ಮರ ಕೊಯ್ಯುವ ಮಿಷನ್. ಚೈನ್ ಸಾ. ಮೂವತ್ತಾರು ಇಂಚು ಅಂದರೆ ಅದರ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಪಟ್ಟಿಯ, ಅಂದರೆ ಬಾರಿನ ಉದ್ದ. ಆ ಪಟ್ಟಿಯ ಸುತ್ತ ಹಲ್ಲಿನ ಚೈನು ಓಡುತ್ತದೆ. ನಮ್ಮ ಕಡೆ ಮಿಷನ್ನಿನ ಗತ್ತನ್ನು ಅಳೆಯುವುದೇ ಇಂಚಿನಲ್ಲಿ, ಟಿವಿ ಥರ.

ಭಾವನ ಮನೆ ತೀರ್ಥಹಳ್ಳಿ ಕಡೆ. ಎರಡು ಎಕರೆ ಅಡಿಕೆ ತೋಟ ಇದೆ. ಆದರೆ ಎಲೆಚುಕ್ಕಿ ರೋಗ ಬಂದಮೇಲೆ ತೋಟ ನಂಬಿ ಕೂರುವ ಹಾಗಿಲ್ಲ. ಸೌದೆ ಕೊಯ್ಯೋಕೆ ಅಂತ ತಂದಿದ್ದ ಸಣ್ಣ ಮಿಷನ್ನಲ್ಲಿ ಅಕ್ಕಪಕ್ಕದವರ ಮರ ಕೊಯ್ದು ಕೊಡುತ್ತಾ ಶುರುವಾದದ್ದು, ಈಗ ಅದೇ ಮುಖ್ಯ ಕಸುಬು. ಮನೆ ಮೇಲೆ ವಾಲಿದ ಮರ, ಕರೆಂಟ್ ಲೈನಿಗೆ ತಾಗುವ ಮರ, ಗಾಳಿಗೆ ಬುಡಮೇಲಾಗಿ ತೋಟದೊಳಗೆ ಬಿದ್ದ ಮರ. ಮಲೆನಾಡಿನ ಆಷಾಢದ ಗಾಳಿ ಇರುವ ತನಕ ಈ ಕೆಲಸಕ್ಕೆ ಬರ ಇಲ್ಲ.

ನನ್ನ ಟೀಮಿನ ಹುಡುಗಿಯೊಬ್ಬಳಿಗೆ ಇದನ್ನು ಹೇಳಿದಾಗ, "ಅಯ್ಯೋ, ಮರ ಕಡಿಯೋದಾ?" ಅಂತ ಮುಖ ಸಣ್ಣ ಮಾಡಿಕೊಂಡಳು. ಅವಳದ್ದೇನೂ ತಪ್ಪಿಲ್ಲ. ಬೆಂಗಳೂರಿನಲ್ಲಿ ಮರ ಅಂದರೆ ರಸ್ತೆಗೆ ನೆರಳು. ನಮ್ಮಲ್ಲಿ ಅದೇ ಮರ ರಾತ್ರಿ ಎರಡು ಗಂಟೆಗೆ ಹೆಂಚಿನ ಮಾಡಿನ ಮೇಲೆ ಲಟಲಟ ಅನ್ನುತ್ತದೆ, ಮಕ್ಕಳನ್ನು ಎಬ್ಬಿಸಿಕೊಂಡು ಹೋಗಿ ಆಚೆ ಕೋಣೆಯಲ್ಲಿ ಮಲಗಿಸಬೇಕಾಗುತ್ತದೆ. ಭಾವ ಸಿಕ್ಕಿದ ಮರಕ್ಕೆಲ್ಲ ಮಿಷನ್ ಹಚ್ಚುವವರೂ ಅಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಪರವಾನಗಿ ಬೇಕಾದ ಮರವಾದರೆ ಸ್ವಂತ ಜಾಗದಲ್ಲಿದ್ದರೂ ಅರಣ್ಯ ಇಲಾಖೆಯ ಕಾಗದ ಬೇಕು. "ಮೊದ್ಲು ಕಾಗದ ತೋರ್ಸಿ, ಆಮೇಲೆ ಮರ ತೋರ್ಸಿ" ಅನ್ನುವುದು ಅವರ ಮಾಮೂಲಿ ಡೈಲಾಗು.

ದೊಡ್ಡ ಮಿಷನ್ ಬೇಕಾದದ್ದಕ್ಕೆ ಕಾರಣ ಒಂದು ಕಾಟುಮಾವು. ಪಕ್ಕದೂರಿನ ಒಬ್ಬರ ಕೊಟ್ಟಿಗೆ ಮೇಲೆ ವಾಲಿಕೊಂಡಿದ್ದ, ಇಬ್ಬರು ತಬ್ಬಿದರೂ ಕೈ ಮುಟ್ಟದ ಮರ. ಭಾವ ತಮ್ಮ ಹದಿನೆಂಟು ಇಂಚಿನ ಮಿಷನ್ ಹಿಡಿದು ಸುತ್ತು ಹಾಕಿ ನೋಡಿ, ಆಗಲ್ಲ ಅಂತ ವಾಪಸ್ ಬಂದರು. ಮರುದಿನ ಬೇರೆ ತಾಲ್ಲೂಕಿನವರು ಉದ್ದ ಬಾರಿನ ಮಿಷನ್ ತಂದು ಕೊಯ್ದು ದುಡ್ಡು ಎಣಿಸಿಕೊಂಡು ಹೋದರು. ದುಡ್ಡು ಹೋದದ್ದಕ್ಕಿಂತ, "ಅವ್ನ ಮಿಷನ್ ಸಣ್ಣದು" ಅಂತ ಯಾರೋ ಚಾ ಅಂಗಡಿಯಲ್ಲಿ ಹೇಳಿದ್ದು ಅವರಿಗೆ ಜಾಸ್ತಿ ತಾಗಿತ್ತು.

"ನೀವು ಚಿಂತೆ ಮಾಡ್ಬೇಡಿ ಭಾವ, ಅರ್ಧ ದುಡ್ಡು ನಾನು ಹಾಕ್ತೀನಿ" ಅಂದೆ. ಊರು ಬಿಟ್ಟವರ ಹತ್ತಿರ ಎಲ್ಲದಕ್ಕೂ ಇರುವ ಪರಿಹಾರ ಅದೊಂದೇ.

ಆ ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ನಾನು ಫ್ರಿಜ್ ತಗೊಂಡದ್ದೂ ಹಾಗೇ, ಹೆಂಡತಿ ಜಾತಕ ಒಂದು ಬಿಟ್ಟು ಉಳಿದದ್ದೆಲ್ಲ ಹಾಗೇ ನೋಡಿದ್ದು. ಸಾಲಿಗೆ ಒಂದು ಮಾಡೆಲ್, ಕಾಲಮ್ಮಿಗೆ ಸಿಸಿ, ಕಿಲೋವಾಟ್, ತೂಕ, ಬಾರಿನ ಉದ್ದ. ಜರ್ಮನಿಯ ಸ್ಟಿಲ್, ಸ್ವೀಡನ್ನಿನ ಹಸ್ಕ್‌ವರ್ನಾ. ಈ ಹಸ್ಕ್‌ವರ್ನಾ 1689ರಲ್ಲಿ ಕೋವಿ ಮಾಡೋಕೆ ಶುರುವಾದ ಕಾರ್ಖಾನೆ ಅಂತ ಓದಿ, ಅದರ ಹಿಂದೆ ಒಂದು ಗಂಟೆ ಹಾಳು ಮಾಡಿದೆ. ಕೊನೆಗೆ ದೊಡ್ಡವರ ಪಟ್ಟಿಯಲ್ಲಿ ಉಳಿದದ್ದು ಸ್ಟಿಲ್ ಎಂಎಸ್ 661, 91.1 ಸಿಸಿ, 5.4 ಕಿಲೋವಾಟ್. ಅದರ ಎದುರಿಗೆ ಹಸ್ಕ್‌ವರ್ನಾ 395 ಎಕ್ಸ್‌ಪಿ, 93.6 ಸಿಸಿ. ಒಂದು ಸ್ಕೂಟಿಯ ಇಂಜಿನ್ನಿಗೆ ಹತ್ತಿರ ಹತ್ತಿರದ್ದನ್ನು ಕೈಯಲ್ಲಿ ಹಿಡಿದುಕೊಂಡು ಕೆಲಸ ಮಾಡುವುದು, ಅಂದಾಜು ಮಾಡಿ.

ಪವರನ್ನು ತೂಕದಿಂದ ಭಾಗಿಸಿ ಒಂದು ರ‍್ಯಾಂಕ್ ತೆಗೆದೆ. 661 ಗೆದ್ದಿತು. ಹಸಿರು ಬಣ್ಣ ತುಂಬಿ, ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ವಾಟ್ಸಾಪ್ ಮಾಡಿದೆ. ಎರಡು ಹೆಬ್ಬೆರಳು ವಾಪಸ್ ಬಂದವು. ಏನೋ ದೊಡ್ಡ ಉಪಕಾರ ಮಾಡಿದ ನೆಮ್ಮದಿಯಲ್ಲಿ ಮಲಗಿದೆ.

ಮರುದಿನ ಅಕ್ಕನ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಬಚ್ಚಲಿನ ಕಡೆಯಿಂದ ಅಂತ ನೀರಿನ ಸದ್ದಿನಲ್ಲೇ ಗೊತ್ತಾಯಿತು.

"ದೊಡ್ಡ ಮಿಷನ್ ಕೊಡ್ಸ್ತೀಯಂತೆ."

"ಹೌದು ಅಕ್ಕ."

"ಅವ್ರ ಕೈ ರಾತ್ರಿ ಮರಗಟ್ಟತ್ತೆ, ಗೊತ್ತಾ ನಿಂಗೆ? ಬೆಳಿಗ್ಗೆ ಲೋಟ ಹಿಡಿಯೋಕಾಗಲ್ಲ. ಕಾಲಿಗೆ ಏಟು ಮಾಡ್ಕೊಂಡಿದ್ದು ಗೊತ್ತಾ? ತೋಟದಲ್ಲಿ ಕತ್ತಿ ತಾಗಿದ್ದು ಅಂತ ನನ್ ಹತ್ರ ಹೇಳಿದ್ರು. ಕತ್ತಿ ಏಟು ಹೇಗಿರತ್ತೆ ಅಂತ ನಂಗೆ ಗೊತ್ತಿಲ್ವಾ ತಮ್ಮಾ? ನೀ ಇಂಟರ್‌ನೆಟ್ಟಲ್ಲಿ ಹುಡುಕೋದಾದ್ರೆ, ಯಾವುದ್ರಲ್ಲಿ ಅಪಾಯ ಕಮ್ಮಿ ಅಂತ ಹುಡುಕು."

ಫೋನ್ ಇಟ್ಟಮೇಲೆ ಶೀಟ್ ತೆರೆದು ನೋಡಿದೆ. ಹದಿನಾಲ್ಕು ಕಾಲಮ್ ಇದ್ದವು. ಅಕ್ಕ ಕೇಳಿದ್ದಕ್ಕೆ ಒಂದೂ ಇರಲಿಲ್ಲ.

ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ಹಳೇ ಮಿಷನ್ ಮುಂದಿಟ್ಟುಕೊಂಡು ಕೂತೆವು. ಯಾವುದೋ ಹೆಸರು ಕೇಳದ ಕಂಪನಿಯದು, ಅಗ್ಗಕ್ಕೆ ಸಿಗುತ್ತೆ ಅಂತ ತಂದದ್ದು. ಮುಂದಿನ ಹಿಡಿಕೆಯ ಎದುರಿಗೆ ಒಂದು ಪ್ಲಾಸ್ಟಿಕ್ ತಡೆ ಇರುತ್ತದೆ. ಅದು ಕೈಗೆ ಅಡ್ಡ ಇರಲಿ ಅಂತ ಮಾತ್ರ ಇಟ್ಟದ್ದಲ್ಲ, ಅದೇ ಬ್ರೇಕಿನ ಹಿಡಿ ಕೂಡ. ಬಾರಿನ ತುದಿಯ ಮೇಲ್ಭಾಗ ಏನಾದರೂ ಗಟ್ಟಿಯಾದದ್ದಕ್ಕೆ ತಾಗಿದರೆ, ಕೊಯ್ಯಬೇಕಾದ ಚೈನು ಅಲ್ಲೇ ಕಚ್ಚಿಕೊಂಡು ಇಡೀ ಮಿಷನ್ನನ್ನು ಮೇಲಕ್ಕೆ, ನಮ್ಮ ಮುಖದ ಕಡೆಗೇ ಎಸೆಯುತ್ತದೆ. ಕಿಕ್‌ಬ್ಯಾಕ್ ಅನ್ನುತ್ತಾರೆ. ಕಣ್ಣು ಮಿಟುಕಿಸುವಷ್ಟೂ ಟೈಮ್ ಇರಲ್ಲ. ಆಗ ಆ ತಡೆ ಮುಂದಕ್ಕೆ ಬಾಗಿ ಚೈನನ್ನು ನಿಲ್ಲಿಸಬೇಕು. ಒಳ್ಳೆಯ ಕಂಪನಿಗಳು 1970ರ ದಶಕದಿಂದಲೇ ಇದನ್ನು ಕೊಡುತ್ತಿವೆ.

ಭಾವನ ಮಿಷನ್ನಲ್ಲಿ ಆ ತಡೆ ಲೊಡಲೊಡ ಅನ್ನುತ್ತಿತ್ತು.

"ಇದು ಕೆಲಸ ಮಾಡತ್ತಾ ಭಾವ?"

"ಅದು ಹೋಗಿ ಎರಡು ವರ್ಷ ಆಯ್ತು. ಸ್ಪೇರ್ ಸಿಗಲ್ಲ."

ಎರಡು ವರ್ಷ. ಅವರು ಅದೇ ಮಿಷನ್ ಹಿಡಿದು ಮರ ಹತ್ತಿದ ವಿಡಿಯೋಗಳಿಗೆ ನಾನು ಇಲ್ಲಿಂದ ಬೆಂಕಿ ಎಮೋಜಿ ಹಾಕಿದ್ದೆ. ಕೇಳದೆಯೇ ಅವರು ಪಂಚೆ ಎತ್ತಿ ಎಡಗಾಲು ತೋರಿಸಿದರು. ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಉದ್ದದ ಗಾಯದ ಗುರುತು, ಅಂಚು ಹರಿದ ಹಾಗೆ. "ನಿನ್ನ ಅಕ್ಕಂಗೆ ಹೇಳ್ಬೇಡ" ಅಂದರು. ಅಕ್ಕ ಒಳಗಿಂದ ಚಾ ತಂದಳು. ಮೂರೂ ಜನ ಮಳೆ ಬಗ್ಗೆ ಮಾತಾಡಿದೆವು.

ಆಮೇಲೆ ನಾವಿಬ್ಬರೂ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯ ಮೆಕ್ಯಾನಿಕ್ ಐವತ್ತರ ಆಸುಪಾಸಿನವರು, ಕೈ ಪೂರ್ತಿ ಗ್ರೀಸು. ನಾನು ಫೋನಿನಲ್ಲಿ ನನ್ನ ಶೀಟ್ ತೋರಿಸಿದೆ. ಮರ್ಯಾದೆಗೆ ಒಮ್ಮೆ ನೋಡಿದರು. ಆಮೇಲೆ ಭಾವನ ಕಡೆ ತಿರುಗಿ ಮೂರು ಪ್ರಶ್ನೆ ಕೇಳಿದರು.

"ಮೂರಡಿಗಿಂತ ದಪ್ಪದ ಮರ ವರ್ಷಕ್ಕೆ ಎಷ್ಟು ಕೊಯ್ತೀರಿ?"

ಭಾವ ಬೆರಳು ಮಡಚಿದರು. "ಮೂರು... ನಾಲ್ಕು."

"ಮಿಷನ್ ಹೊತ್ಕೊಂಡು ಹೋಗೋರು ಯಾರು?"

"ನಾನೇ."

"ಮರ ಹತ್ತಿ ಮೇಲೆ ಕೊಯ್ಯೋದಿದ್ಯಾ?"

"ಮುಕ್ಕಾಲು ಪಾಲು ಅದೇ."

ಅವರು ಏನೂ ಹೇಳದೆ ಒಳಗಿಂದ ರಿಪೇರಿಗೆ ಬಂದಿದ್ದ ಒಂದು ತೊಂಬತ್ತು ಸಿಸಿ ಮಿಷನ್ನನ್ನು ಮೂವತ್ತಾರು ಇಂಚು ಬಾರಿನ ಸಮೇತ ತಂದು ನನ್ನ ಕೈಗೆ ಕೊಟ್ಟರು. ಶೀಟಿನಲ್ಲಿ ನಾನು ಬರೆದಿದ್ದು ಸುಮಾರು ಏಳೂವರೆ ಕೆಜಿ. ಅದು ಬರಿ ಇಂಜಿನ್ನಿನ ತೂಕ. ಬಾರು, ಚೈನು, ಪೆಟ್ರೋಲು, ಚೈನಿಗೆ ಬಿಡುವ ಆಯಿಲ್ ಎಲ್ಲ ಸೇರಿದರೆ ಹನ್ನೊಂದು ಕೆಜಿ ಹತ್ತಿರ. ಅದೂ ತೂಕವೆಲ್ಲ ಮುಂದಕ್ಕೆ ಜಗ್ಗುತ್ತದೆ. "ಸೊಂಟದ ಮಟ್ಟಕ್ಕೆ ಅಡ್ಡ ಹಿಡ್ಕೊಂಡು ನಿಲ್ಲಿ ಸರ್" ಅಂದರು. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿರುವ ನಾನು ಒಂದೂವರೆ ನಿಮಿಷಕ್ಕೆ ಕೆಳಗಿಟ್ಟೆ. ಭಾವ ಇದನ್ನು ಹಿಡಿದು ಮಳೆಯಲ್ಲಿ, ಧರೆ ಹತ್ತಿ, ತೋಟದ ಸಂಕ ದಾಟಿ ಹೋಗಬೇಕಿತ್ತು.

ಮೆಕ್ಯಾನಿಕ್ ಆಮೇಲೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ನನ್ನ ಒಂದು ರಾತ್ರಿಯ ಸಂಶೋಧನೆಗಿಂತ ಅದು ದೊಡ್ಡದು.

ಮೊದಲನೆಯದು, ಬಾರು ಮರಕ್ಕಿಂತ ಉದ್ದ ಇರಲೇಬೇಕು ಅನ್ನುವುದು ಸುಳ್ಳು. ಎರಡೂ ಕಡೆಯಿಂದ ಕೊಯ್ದರೆ ಇಪ್ಪತ್ತೈದು ಇಂಚಿನ ಬಾರಿನಲ್ಲಿ ನಲವತ್ತು ಇಂಚು ದಪ್ಪದ ಮರವನ್ನೂ ಕೆಡವಬಹುದು. ಹಾಗೆ ಕೊಯ್ಯುವುದನ್ನು ಕಲಿತಿರಬೇಕು ಅಷ್ಟೆ. ಬೀಳಬೇಕಾದ ದಿಕ್ಕಿಗೆ ಮೊದಲು ತ್ರಿಕೋನದ ಬಾಯಿ ತೆಗೆಯಬೇಕು, ಹಿಂದಿನಿಂದ ಕೊಯ್ಯುತ್ತಾ ಬಂದು ನಡುವೆ ಒಂದು ಪಟ್ಟಿ ಬಿಡಬೇಕು. ಮರದ ದಪ್ಪದ ಹತ್ತರಲ್ಲಿ ಒಂದು ಪಾಲಿನಷ್ಟು. ಆ ಪಟ್ಟಿ ಬಾಗಿಲಿನ ಕೀಲಿದ್ದ ಹಾಗೆ, ಮರವನ್ನು ಹಿಡಿದು ನಿಧಾನಕ್ಕೆ ಮಲಗಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಉದ್ದ ಬಾರು ಇದ್ದವನಿಗೆ ಆ ತಪ್ಪು ಮಾಡುವುದು ಇನ್ನೂ ಸುಲಭ, ಆಚೆ ಬದಿಯಲ್ಲಿ ಬಾರಿನ ತುದಿ ಎಲ್ಲಿದೆ, ಯಾವುದಕ್ಕೆ ತಾಗುತ್ತಿದೆ ಅಂತ ಕಾಣುವುದೇ ಇಲ್ಲ.

ಎರಡನೆಯದು, ಇಂಚು ಮತ್ತು ಇಂಜಿನ್ ಜೋಡಿ ಇರಬೇಕು. ಸಣ್ಣ ಇಂಜಿನ್ನಿಗೆ ಉದ್ದ ಬಾರು ಹಾಕಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದು ಮರದೊಳಗೆ ಹೋಗಿ ಉಸಿರುಗಟ್ಟುತ್ತದೆ, ಕ್ಲಚ್ ಸುಡುತ್ತದೆ, ಕೊನೆಗೆ ಮನುಷ್ಯ ಮೈಭಾರ ಹಾಕಿ ಒತ್ತುತ್ತಾನೆ. ಒತ್ತುವವನಿಗೇ ಏಟಾಗುವುದು.

ಮೂರನೆಯದು, ಪವರ್ ಇರುವುದು ಚೈನಿನ ಹಲ್ಲಿನಲ್ಲಿ. ಇಷ್ಟು ಹೇಳಿ ಅವರು ಹೊರಗೆ ಬಿದ್ದಿದ್ದ ದಿಮ್ಮಿಗೆ ಭಾವನ ಹಳೇ ಮಿಷನ್ನೇ ಹಚ್ಚಿದರು. ಹಿಟ್ಟಿನಂಥ ಪುಡಿ ಬಿತ್ತು. ಆಮೇಲೆ ಬೈಸಿಗೆ ಸಿಗಿಸಿ, ದುಂಡು ಅರದಲ್ಲಿ ಪ್ರತಿ ಹಲ್ಲಿಗೆ ಮೂರು ನಾಲ್ಕು ಸಲ ಉಜ್ಜಿದರು. ಹಲ್ಲಿನ ಮುಂದೆ ಒಂದು ಗಿಡ್ಡ ಗುಬಟು ಇರುತ್ತದೆ, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ತೀರ್ಮಾನಿಸುವುದು ಅದೇ. ಹಲ್ಲಿಗಿಂತ ಅರ್ಧ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು ತಗ್ಗಿನಲ್ಲಿರಬೇಕು. ಅದನ್ನೂ ಚಪ್ಪಟೆ ಅರದಲ್ಲಿ ತೀಡಿದರು. ಇಪ್ಪತ್ತು ನಿಮಿಷ. ಮತ್ತೆ ಹಚ್ಚಿದರೆ ಅವಲಕ್ಕಿಯಂಥ ಚೂರು ಹಾರಿತು, ಮಿಷನ್ ತಾನೇ ಮರದೊಳಗೆ ಇಳಿಯಿತು. "ಹಿಟ್ಟು ಬಿದ್ರೆ ನಿಲ್ಸಿ ಅರ ಹಾಕಿ, ಅವಲಕ್ಕಿ ಬಿದ್ರೆ ಕೊಯ್ಯಿ. ಇಷ್ಟೇ" ಅಂದರು. ಭಾವ ಮಾತಾಡಲಿಲ್ಲ. ಎರಡು ವರ್ಷದಿಂದ ಅವರು ಹಿಟ್ಟು ಬೀಳಿಸುತ್ತಾ, ಮಿಷನ್ ಸಣ್ಣದು ಅಂತ ಕೊರಗುತ್ತಿದ್ದರು.

ನಾಲ್ಕನೆಯದನ್ನು ಅವರು ಹೇಳಲಿಲ್ಲ, ನಾನೇ ಕೇಳಿದೆ. ಕೈ ಮರಗಟ್ಟುವುದು. "ಅದು ಅದುರೋದ್ರಿಂದ. ಒಳ್ಳೆ ಮಿಷನ್ನಲ್ಲಿ ಹಿಡಿಕೆ ಬೇರೆ, ಇಂಜಿನ್ ಬೇರೆ, ನಡುವೆ ಸ್ಪ್ರಿಂಗು ರಬ್ಬರು ಇರತ್ತೆ. ಮೊಂಡು ಚೈನಿದ್ರೆ ಯಾವ ಸ್ಪ್ರಿಂಗೂ ಉಪಯೋಗ ಇಲ್ಲ. ಡಾಕ್ಟ್ರಿಗೆ ತೋರ್ಸಿ, ಬಿಡುವು ಕೊಟ್ಟು ಕೆಲ್ಸ ಮಾಡ್ಲಿ." ವರ್ಷಗಟ್ಟಲೆ ಅದುರುವ ಮಿಷನ್ ಹಿಡಿದವರ ಬೆರಳಿನ ನರ, ರಕ್ತನಾಳ ಕೆಡುತ್ತವೆ, ಚಳಿಗೆ ಬೆರಳ ತುದಿ ಬೆಳ್ಳಗಾಗುತ್ತದೆ, ಜಾಸ್ತಿಯಾದರೆ ಸರಿಹೋಗುವುದು ಕಷ್ಟ. ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆ ಬಾರದೆ ಇದನ್ನೆಲ್ಲ ಓದಿದ್ದೆ. ಮಾಹಿತಿ ಮೊದಲೂ ಅಲ್ಲೇ ಇತ್ತು. ನಾನು ಹುಡುಕಿದ್ದು ಸಿಸಿಯನ್ನು.

ಕೊನೆಗೆ ತಗೊಂಡದ್ದು ಸ್ಟಿಲ್ ಎಂಎಸ್ 382. 72.2 ಸಿಸಿ, 3.9 ಕಿಲೋವಾಟ್, ಇಪ್ಪತ್ತೈದು ಇಂಚಿನ ಬಾರು. ದಪ್ಪ ಮರಕ್ಕೆ ಸಾಕಷ್ಟು ದೊಡ್ಡದು, ಎಲ್ಲ ಸೇರಿ ಒಂಬತ್ತು ಕೆಜಿ ಆಸುಪಾಸು. ಬೇರೆ ಕಂಪನಿಯದರಲ್ಲೂ ಇದೇ ಅಳತೆಯ ಒಳ್ಳೆಯ ಮಿಷನ್‌ಗಳಿವೆ. ಇದೇ ಯಾಕೆ ಅಂದರೆ ಸ್ಪೇರ್ ಪಾರ್ಟು ಅದೇ ಅಂಗಡಿಯಲ್ಲಿತ್ತು, ರಿಪೇರಿ ಗೊತ್ತಿದ್ದ ಮನುಷ್ಯ ಎದುರಿಗೇ ಕೂತಿದ್ದರು. ಬೆಂಗಳೂರಿನಲ್ಲಿ ಕೂತವನಿಗೆ ಇದು ಕಾಲಮ್ಮೇ ಅಲ್ಲ. ಮಳೆಗಾಲದ ನಡುವೆ ಸ್ಟಾರ್ಟರ್ ಹಗ್ಗ ಕಿತ್ತುಹೋದವನಿಗೆ ಮೊದಲನೇ ಕಾಲಮ್ಮು. ಮರ ಹತ್ತಿ ಕೊಂಬೆ ಕೊಯ್ಯುವುದಕ್ಕೆ ಒಂದು ಸಣ್ಣದೂ ತಗೊಂಡೆವು, ಬ್ರೇಕ್ ನೆಟ್ಟಗಿರುವುದು. ದೊಡ್ಡದನ್ನು ನೆಲದ ಮೇಲೆ ಮಾತ್ರ ಬಳಸಬೇಕು ಅಂತ ಮಾತು. ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು.

661ಕ್ಕೆ ಅಂತ ಎತ್ತಿಟ್ಟಿದ್ದರಲ್ಲಿ ಇನ್ನೂ ದುಡ್ಡು ಉಳಿದಿತ್ತು. ಅದರಲ್ಲಿ ಎರಡು ಎಕ್ಸ್‌ಟ್ರಾ ಚೈನು, ಅರದ ಸೆಟ್ಟು, ಕಿವಿ ಮುಚ್ಚುವ ಹೆಲ್ಮೆಟ್ಟು, ಆಮೇಲೆ ಒಂದು ಪ್ಯಾಂಟು. ಈ ಪ್ಯಾಂಟಿನ ವಿಷಯಕ್ಕೆ ಅಂಗಡಿಯಲ್ಲೇ ಜಗಳ ಆಯಿತು. ಅದರ ಒಳಗೆ ಪದರ ಪದರವಾಗಿ ಉದ್ದನೆಯ ನಾರು ತುಂಬಿರುತ್ತಾರೆ. ಚೈನು ತಾಗಿದ ಕೂಡಲೇ ಆ ನಾರು ಎಳೆದುಕೊಂಡು ಹೋಗಿ ಹಲ್ಲಿನ ಚಕ್ರಕ್ಕೆ ಸುತ್ತಿ ಚೈನನ್ನು ನಿಲ್ಲಿಸಿಬಿಡುತ್ತದೆ. ಪೂರ್ತಿ ಸ್ಪೀಡಿನಲ್ಲಿ ಚೈನು ಸೆಕೆಂಡಿಗೆ ಇಪ್ಪತ್ತು ಮೀಟರ್ ಓಡುತ್ತದೆ, ಅಂದರೆ ಗಂಟೆಗೆ ಎಪ್ಪತ್ತು ಕಿಲೋಮೀಟರ್. ಪಂಚೆ ಅದಕ್ಕೆ ಲೆಕ್ಕವೇ ಅಲ್ಲ.

"ಎಂತ ಮಾರಾಯ, ನಂಗೆ ಫ್ಯಾನ್ಸಿ ಡ್ರೆಸ್ಸಾ? ಈ ಕೇಸರಿ ಪ್ಯಾಂಟ್ ಹಾಕ್ಕೊಂಡು ಹೋದ್ರೆ ಊರೋರು ನಗಲ್ವಾ? ಈ ರೇಟಿಗೆ ಒಂದು ಚೈನ್ ಬರತ್ತೆ."

"ಭಾವ, ಅಕ್ಕಂಗೆ ಗೊತ್ತು" ಅಂದೆ.

"ಎಂತ ಗೊತ್ತು?"

"ಕಾಲಿಂದು."

ಅವರು ಸ್ವಲ್ಪ ಹೊತ್ತು ಮಿಷನ್ನಿನ ಡಬ್ಬದ ಮೇಲೆ ಬರೆದದ್ದನ್ನು ಓದುತ್ತಾ ನಿಂತರು. ಜರ್ಮನ್ ಭಾಷೆಯಲ್ಲಿತ್ತು ಅದು. ಆಮೇಲೆ, "ಬಿಲ್ ಮಾಡ್ಸು" ಅಂದರು.

ವಾಪಸ್ ಬರುವಾಗ ದಾರಿಯಲ್ಲಿ ಯೋಚಿಸುತ್ತಿದ್ದೆ. ಮೂವತ್ತಾರು ಇಂಚಿನ ಆಸೆ ಭಾವನದ್ದು ಮಾತ್ರ ಆಗಿರಲಿಲ್ಲ. ದೊಡ್ಡ ಮಿಷನ್ ಕೊಡಿಸಿದ ಬಾಮೈದ ಅನ್ನಿಸಿಕೊಳ್ಳಬೇಕು ಅನ್ನುವುದು ನನ್ನೊಳಗೂ ಇತ್ತು. ನಾವು ಊರಿಗೆ ಕಳಿಸುವುದೆಲ್ಲ ಹಾಗೇ ಅಲ್ಲವಾ? ದೊಡ್ಡ ಟಿವಿ, ಜಾಸ್ತಿ ಲೀಟರಿನ ಫ್ರಿಜ್ಜು. ಅಮ್ಮನ ಸೊಂಟ ನೋವಿಗೆ ಕಟ್ಟೆ ಅರ್ಧ ಅಡಿ ತಗ್ಗಿಸಬೇಕಿತ್ತು ಅನ್ನುವುದು ಹೋಗಿ ಎರಡು ದಿನ ಕೂತವನಿಗೆ ಮಾತ್ರ ಕಾಣುತ್ತದೆ. ದೂರದಿಂದ ಅಳೆಯೋಕೆ ಸಿಗುವುದು ನಂಬರ್ ಮಾತ್ರ, ಅದಕ್ಕೇ ನಾವು ದೊಡ್ಡ ನಂಬರನ್ನೇ ಪ್ರೀತಿ ಅಂದುಕೊಂಡುಬಿಡುತ್ತೇವೆ.

ಭಾನುವಾರ ಬೆಳಿಗ್ಗೆ ಭಾವ ಐದು ಲೀಟರ್ ಪೆಟ್ರೋಲಿಗೆ ನೂರು ಎಂಎಲ್ ಟೂ ಸ್ಟ್ರೋಕ್ ಆಯಿಲ್ ಅಳೆದು ಹಾಕುವುದನ್ನು ನೋಡಿದೆ. ಮೊದಲು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದವರು, ಈಗ ಮಗನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಹತ್ತು ಹತ್ತು ಎಂಎಲ್ ಎಣಿಸುತ್ತಿದ್ದರು. ಅಕ್ಕ ಆ ಮುಚ್ಚಳ ಹುಡುಕಿಕೊಂಡು ಬಂದು ಇಬ್ಬರಿಗೂ ಬೈದಳು.

ಆ ಮಳೆಗಾಲದಲ್ಲಿ ನಿಜಕ್ಕೂ ದೊಡ್ಡ ಮರ ಒಂದು ಬಂತು, ಕಾಟುಮಾವಿಗಿಂತಲೂ ದಪ್ಪದ ಒಂದು ಧೂಪ. ಇಪ್ಪತ್ತೈದು ಇಂಚಿಗೆ ಎರಡೂ ಕಡೆಯಿಂದಲೂ ಎಟುಕಲಿಲ್ಲ. ಭಾವ ಅವತ್ತು ಬೇರೆ ತಾಲ್ಲೂಕಿನವರನ್ನು ಉದ್ದ ಬಾರಿನ ಮಿಷನ್ ಸಮೇತ ಬಾಡಿಗೆಗೆ ಕರೆಸಿ, ಬುಡ ಮಾತ್ರ ಅವರಿಂದ ಕೊಯ್ಯಿಸಿ, ಉಳಿದದ್ದನ್ನು ತಾವೇ ಮುಗಿಸಿದರು. ಬಂದದ್ದರಲ್ಲಿ ಕಾಲು ಭಾಗ ಅವರಿಗೆ ಹೋಯಿತು. "ದೊಡ್ಡದೇ ತಗೋಬೇಕಿತ್ತು ಅನ್ಸತ್ತಾ ಭಾವ?" ಅಂತ ಫೋನಿನಲ್ಲಿ ಕೇಳಿದೆ. "ಅನ್ನಿಸ್ತು. ಮಿಷನ್ ಹೊತ್ಕೊಂಡು ಗುಡ್ಡ ಹತ್ತೋವಾಗ ಅವ್ರ ಮುಖ ನೋಡ್ದೆ. ಆಮೇಲೆ ಅನ್ನಿಸ್ಲಿಲ್ಲ" ಅಂದರು.

ಕೈ ಮರಗಟ್ಟುವುದು ಪೂರ್ತಿ ಹೋಗಿಲ್ಲ. ಕಮ್ಮಿಯಾಗಿದೆ ಅಂತಾರೆ. ಅಕ್ಕನ್ನ ಕೇಳಿದರೆ, "ಲೋಟ ಹಿಡೀತಾರೆ" ಅಂತಾಳೆ.

ಪ್ಯಾಂಟು ಹಾಕಿಕೊಳ್ಳುತ್ತಾರೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು. ಕೇಳಿದರೆ ಹೌದು ಅಂದೇ ಅನ್ನುತ್ತಾರೆ, ಅದಕ್ಕೇ ಕೇಳಿರಲಿಲ್ಲ. ಜುಲೈ ಕೊನೆಯಲ್ಲಿ ಒಂದು ದಿನ, ಅದೇ ಬೆಳಗಿನ ಮೀಟಿಂಗ್ ನಡೆಯುವಾಗ, ಅಕ್ಕನಿಂದ ಒಂದು ಫೋಟೋ ಬಂತು. ಬಚ್ಚಲ ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ, ಮಕ್ಕಳ ಯೂನಿಫಾರ್ಮಿನ ಪಕ್ಕ, ಕೆಸರು ಕಲೆ ಹೋಗದ ಆ ಕೇಸರಿ ಪ್ಯಾಂಟು ಒಣಗುತ್ತಿತ್ತು. ಕೆಳಗೆ ಒಂದೇ ಸಾಲು ಬರೆದಿದ್ದಳು: "ಇದು ಒಣಗೋದೇ ಇಲ್ಲ ಮಾರಾಯ, ಇನ್ನೊಂದು ಕಳ್ಸು."

ಆರ್ಡರ್ ಮಾಡಿದೆ. ಈ ಸಲ ಸೊಂಟದ ಅಳತೆ ಕೇಳಿಯೇ ಮಾಡಿದೆ.